ಸಂಧಾನಕ್ಕೆ ಮೌನವೂ ಬೇಕು

2018ರ ಆಗಸ್ಟ್‌ನಲ್ಲಿ, ಸೌದಿ ಅರೇಬಿಯಾ ಬಂಧಿಸಿದ್ದ ಹೋರಾಟಗಾರರನ್ನು ಕೂಡಲೇ ಬಿಡುಗಡೆ ಮಾಡಬೇಕೆಂದು ಕೆನಡಾ ಟ್ವಿಟರ್‌ನಲ್ಲಿ ಒತ್ತಾಯಿಸಿತು. ರಿಯಾದ್‌ನಲ್ಲಿದ್ದ ಅದರ ರಾಯಭಾರ ಕಚೇರಿ ಅದನ್ನೇ ಅರಬ್ಬಿಯಲ್ಲೂ ಪ್ರಕಟಿಸಿತು. ಸೌದಿ ಸರ್ಕಾರ ಕೆನಡಾದ ರಾಯಭಾರಿಯನ್ನು ಹೊರಹಾಕಿತು, ಹೊಸ ವ್ಯಾಪಾರಕ್ಕೆ ತಡೆ ಹಾಕಿತು, ಕೆನಡಾದಲ್ಲಿ ಓದುತ್ತಿದ್ದ ತನ್ನ ಸಾವಿರಾರು ವಿದ್ಯಾರ್ಥಿಗಳಿಗೆ ಮರಳಲು ಆದೇಶಿಸಿತು. ರಾಜತಾಂತ್ರಿಕ ಸಂಬಂಧ ಸರಿಹೋಗಲು 2023 ಬರಬೇಕಾಯಿತು. ಕೆನಡಾದ ಕಾಳಜಿ ನ್ಯಾಯವಾದದ್ದೇ. ಆದರೆ ಖಾಸಗಿಯಾಗಿ ಹೇಳಿದ ಮಾತು ಎದುರಿನವರಿಗೆ ಮಣಿಯಲು ದಾರಿ ಬಿಡುತ್ತದೆ. ತನ್ನ ಪ್ರಜೆಗಳ ಎದುರೇ ಹೇಳಿಸಿಕೊಂಡ ಸರ್ಕಾರಕ್ಕೆ ಮಣಿಯುವುದೇ ಅವಮಾನವಾಗುತ್ತದೆ.

ಗುಟ್ಟಿನ ಮಾತುಕತೆ ಜನರನ್ನು ಕತ್ತಲಲ್ಲಿಡುತ್ತದೆ, ಬಹಿರಂಗ ಒತ್ತಡವಿಲ್ಲದಿದ್ದರೆ ಬಂಧಿತರನ್ನು ಜಗತ್ತು ಮರೆಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆ ಒತ್ತಡವನ್ನು ಪತ್ರಕರ್ತರು, ಮಾನವ ಹಕ್ಕು ಸಂಘಟನೆಗಳು ಹೇರಲೇಬೇಕು. ಎದುರು ಕೂತು ಮಾತಾಡಬೇಕಾದ ಸರ್ಕಾರದ ಹೊಣೆ ಬೇರೆ. ಜಾಲತಾಣದಿಂದ ಸರ್ಕಾರಗಳಿಗೂ ಉಪಯೋಗವಿದೆ: ವಿದೇಶಾಂಗ ಸಚಿವೆಯಾಗಿದ್ದಾಗ ಸುಷ್ಮಾ ಸ್ವರಾಜ್ ಹೊರದೇಶಗಳಲ್ಲಿ ಸಿಲುಕಿದ ಭಾರತೀಯರ ಮೊರೆಗೆ ಟ್ವಿಟರ್‌ನಲ್ಲೇ ಓಗೊಟ್ಟರು. ಅಂಥ ಸೇವೆಗೆ ವೇಗವೇ ಬಲ. ಸಂಧಾನಕ್ಕೆ ಬೇಕಾದದ್ದು ತಾಳ್ಮೆ, ಮಾತು ಬದಲಿಸುವ ಸ್ವಾತಂತ್ರ್ಯ. ಒಪ್ಪಂದವಾದ ಮೇಲೆ ಅದರ ಪ್ರತಿ ಅಂಶವನ್ನೂ ಸರ್ಕಾರ ಜನರ ಮುಂದಿಟ್ಟು ಉತ್ತರ ಕೊಡಲಿ. ಅಲ್ಲಿಯವರೆಗೆ ಚಪ್ಪಾಳೆಯ ಆಸೆಗೆ ಸಂಧಾನವನ್ನು ಬಲಿಕೊಡದಿರಲಿ.