ಒಂದು ಪೋರ್ಟು, ಎಷ್ಟು ಪರದೆ?

ಲೆಕ್ಕಪತ್ರ, ಅನುವಾದ, ಕರಡು ತಿದ್ದುವಿಕೆ ಮೊದಲಾದ ಕೆಲಸಗಳಲ್ಲಿ ತೊಡಗಿದವರಿಗೆ ಎರಡು ಪರದೆಗಳು ಎದುರಿಗಿದ್ದರೆ ಎಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಲ್ಯಾಪ್‌ಟಾಪು ತೆಳ್ಳಗಾದಂತೆಲ್ಲ ಅದರ ಪೋರ್ಟುಗಳ ಸಂಖ್ಯೆಯೂ ಇಳಿಯುತ್ತ ಬಂದಿದೆ. ಕೆಲವು ಯಂತ್ರಗಳಲ್ಲಿ ಪರದೆಯನ್ನು ಜೋಡಿಸಲು ಟೈಪ್-ಸಿ ಎಂಬ ಅಂಡಾಕಾರದ ಒಂದೆರಡು ಪೋರ್ಟುಗಳ ಹೊರತು ಬೇರೇನೂ ಇಲ್ಲ. ಕೊಂಡವನು ಹಬ್ ಒಂದನ್ನು ತಂದು ಎರಡು ಮಾನಿಟರುಗಳನ್ನು ಅದಕ್ಕೆ ಜೋಡಿಸುತ್ತಾನೆ. ಎರಡರಲ್ಲಿಯೂ ಒಂದೇ ಚಿತ್ರ ಮೂಡುತ್ತದೆ. ಇಲ್ಲವೆ ಒಂದು ಕಪ್ಪಾಗಿಯೇ ಉಳಿಯುತ್ತದೆ. ಕೇಬಲನ್ನು ಬದಲಾಯಿಸುತ್ತಾನೆ, ಅಂಗಡಿಯವನೊಡನೆ ವಾದಿಸುತ್ತಾನೆ, ಕಡೆಗೆ ತನ್ನ ತಿಳಿವಳಿಕೆಯನ್ನೇ ಹಳಿದುಕೊಳ್ಳುತ್ತಾನೆ. ತಪ್ಪು ಅವನದಲ್ಲ, ತಿಳಿಸಬೇಕಾದುದನ್ನು ತಿಳಿಸಬೇಕಾದ ಸ್ಥಳದಲ್ಲಿ ತಿಳಿಸದಿರುವ ಪದ್ಧತಿಯದು ಎಂಬುದೇ ನಮ್ಮ ಅಭಿಪ್ರಾಯ.

ಪೋರ್ಟಿನ ಆಕಾರವು ಅದರ ಸಾಮರ್ಥ್ಯವನ್ನು ಹೇಳುವುದಿಲ್ಲ. ಕೆಲವು ಟೈಪ್-ಸಿ ಪೋರ್ಟುಗಳು ಚಿತ್ರವನ್ನು ಕಳುಹಿಸಲಾರವು. ಕಳುಹಿಸಬಲ್ಲವುಗಳಿಗೂ ಮಿತಿಯುಂಟು. 1920 × 1080 ಬಿಂದುಗಳ ಪರದೆಯಲ್ಲಿ, ಬಿಂದುವೊಂದಕ್ಕೆ 24 ಬಿಟ್‌ಗಳಂತೆ, ಸೆಕೆಂಡಿಗೆ 60 ಸಲ ಚಿತ್ರವು ಹೊಸದಾಗಬೇಕಾದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್‌ಗಳು ಹರಿಯಬೇಕು. 3840 × 2160 ಬಿಂದುಗಳ 4ಕೆ ಪರದೆಗೆ ಇದರ ನಾಲ್ಕರಷ್ಟು, ಎಂದರೆ ಸುಮಾರು 1,200 ಕೋಟಿ ಬೇಕು. 2010ರ ಡಿಸ್‌ಪ್ಲೇಪೋರ್ಟ್ 1.2 ಮಾನಕದಂತೆ ನಾಲ್ಕು ಜೋಡಿ ತಂತಿಗಳು ಸೇರಿ ಸಾಗಿಸಬಲ್ಲದ್ದು 1,728 ಕೋಟಿ. ಅದೇ ಕೇಬಲು ಯುಎಸ್‌ಬಿಯ ವೇಗದ ದತ್ತಾಂಶವನ್ನೂ ಒಯ್ಯಬೇಕಾದಾಗ ಚಿತ್ರಕ್ಕೆ ಎರಡು ಜೋಡಿಗಳು ಮಾತ್ರ ಉಳಿದು, ಸಾಮರ್ಥ್ಯವು 864 ಕೋಟಿಗೆ ಇಳಿಯುತ್ತದೆ. ಸಾಧಾರಣ ಪರದೆಗಳೆರಡು ಇದರಲ್ಲಿ ನಿರಾಯಾಸವಾಗಿ ಹಿಡಿಯುತ್ತವೆ. 4ಕೆ ಪರದೆಯಾದರೆ ಒಂದೂ ಪೂರ್ಣವೇಗದಲ್ಲಿ ಹಿಡಿಯದೆ ಸೆಕೆಂಡಿಗೆ 30 ಚಿತ್ರಗಳಿಗೆ ಇಳಿಯುತ್ತದೆ. ಮೌಸಿನ ಬಾಣವು ಕುಂಟುತ್ತ ಚಲಿಸುವುದು ಆಗಲೇ.

ಎರಡನೆಯ ಮಿತಿ ಯಂತ್ರದ ಒಳಗಿನದು. ಏಕಕಾಲದಲ್ಲಿ ಎಷ್ಟು ಬೇರೆ ಬೇರೆ ಚಿತ್ರಗಳನ್ನು ರಚಿಸಬಹುದೆಂಬುದನ್ನು ಪ್ರಾಸೆಸರಿನ ರಚನೆಯೇ ನಿರ್ಧರಿಸುತ್ತದೆ. 2020ರ ಎಂ1 ಮ್ಯಾಕ್‌ಬುಕ್ ಏರ್ ಯಂತ್ರಕ್ಕೆ ಎರಡು ಪೋರ್ಟುಗಳಿದ್ದರೂ ಅದು ಒಪ್ಪುತ್ತಿದ್ದುದು ಹೊರಗಿನ ಒಂದೇ ಪರದೆಯನ್ನು. 2024ರ ಎಂ3 ಏರ್ ಮುಚ್ಚಳ ಹಾಕಿದರೆ ಎರಡನ್ನು ಒಪ್ಪಿತು; 2025ರ ಎಂ4 ಏರ್ ಮುಚ್ಚಳ ತೆರೆದಿದ್ದರೂ ಎರಡನ್ನು ಒಪ್ಪಿತು. ಪೋರ್ಟುಗಳು ಎರಡೇ ಇದ್ದವು, ಬದಲಾದುದು ಒಳಗಿನ ಶಕ್ತಿ. ಇದಲ್ಲದೆ, ಒಂದೇ ಕೇಬಲಿನಲ್ಲಿ ಹಲವು ಚಿತ್ರಗಳನ್ನು ಕಳುಹಿಸುವ ಎಂಎಸ್‌ಟಿ ವಿಧಾನವನ್ನು ವಿಂಡೋಸ್ ಬಳಸಿಕೊಳ್ಳುತ್ತದೆ. ಮ್ಯಾಕ್‌ಓಎಸ್ ಪರದೆಗಳನ್ನು ವಿಸ್ತರಿಸಲು ಅದನ್ನು ಬಳಸುವುದಿಲ್ಲ. ನೆರೆಯವರ ಮನೆಯಲ್ಲಿ ಎರಡು ಚಿತ್ರ ತೋರಿದ ಹಬ್ ನಮ್ಮ ಮನೆಯಲ್ಲಿ ಒಂದನ್ನೇ ಎರಡು ಸಲ ತೋರಿಸುವುದು ಇದರಿಂದಲೇ.

ಪರಿಹಾರವಿಲ್ಲವೆ ಎಂದರೆ ಉಂಟು. ಡಿಸ್‌ಪ್ಲೇಲಿಂಕ್ ಎಂಬ ವಿಧಾನದಲ್ಲಿ ಚಿತ್ರವನ್ನು ತಂತ್ರಾಂಶವು ಸಂಕ್ಷೇಪಿಸಿ, ಸಾಮಾನ್ಯ ದತ್ತಾಂಶದಂತೆ ಕಳುಹಿಸುತ್ತದೆ. ಡಾಕ್‌ನಲ್ಲಿರುವ ಚಿಪ್ ಅದನ್ನು ಮತ್ತೆ ಚಿತ್ರವಾಗಿಸುತ್ತದೆ. ಬರವಣಿಗೆಗೂ ಲೆಕ್ಕಕ್ಕೂ ಇದು ಸಾಕು. ಆದರೆ ಪ್ರಾಸೆಸರಿಗೆ ಹೊರೆ ಹೆಚ್ಚುವುದು, ವೇಗದ ದೃಶ್ಯಗಳು ತಡವರಿಸುವುದುಂಟು. ಇದು ಊರುಗೋಲೇ ಹೊರತು ಕಾಲಲ್ಲ.

ಈ ಮಿತಿಗಳೆಲ್ಲ ತಯಾರಕರ ತಾಂತ್ರಿಕ ವಿವರಪತ್ರದಲ್ಲಿ ದೊರೆಯುತ್ತವೆಂದು ಕೆಲವರು ಹೇಳಬಹುದು. ಅನೇಕ ವೇಳೆ ಅದು ನಿಜ. ಆದರೆ ಹಣ ಕೊಡುವ ಹೊತ್ತಿನಲ್ಲಿ ಕಣ್ಣಿಗೆ ಬೀಳದ ಸತ್ಯದಿಂದ ಗ್ರಾಹಕನಿಗೆ ಬಂದ ಲಾಭವೇನು? ಯುರೋಪಿಯನ್ ಒಕ್ಕೂಟವು 2022ರಲ್ಲಿ ಮಾಡಿದ ನಿಯಮದಂತೆ ಚಾರ್ಜಿಂಗ್‌ಗೆ ಟೈಪ್-ಸಿ ಪೋರ್ಟು ಕಡ್ಡಾಯ; ಮೊಬೈಲ್ ಫೋನುಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದ ಗಡುವು. ಚಾರ್ಜಿಂಗ್‌ಗೆ ಎಷ್ಟು ವಾಟ್ ಬೇಕೆಂಬ ಗುರುತುಪಟ್ಟಿಯೂ ಆ ನಿಯಮದಲ್ಲಿ ಸೇರಿದೆ. ವಾಟ್‌ಗಳ ಲೆಕ್ಕವನ್ನು ಬರೆಯಬಹುದಾದರೆ ಪರದೆಗಳ ಲೆಕ್ಕವನ್ನು ಬರೆಯಲು ಅಡ್ಡಿಯೇನು? ಹೊರಗಿನ ಪರದೆಗಳು ಎಷ್ಟು, ಬಿಂದುಗಳು ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಒಂದು ಸಾಲು ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ ಇರತಕ್ಕದ್ದು. ನಮ್ಮ ದೇಶದಲ್ಲಿಯೂ ಇದು ನಿಯಮವಾಗಬೇಕು.

ಅಲ್ಲಿಯವರೆಗೆ ವಾಚಕರು ಅಂಗಡಿಯಲ್ಲಿ ಪೋರ್ಟುಗಳನ್ನು ಎಣಿಸುವುದರ ಬದಲು ಈ ಮೂರು ಪ್ರಶ್ನೆಗಳನ್ನೇ ಕೇಳಲಿ. ಉತ್ತರವನ್ನು ವಿವರಪತ್ರದಲ್ಲಿ ತೋರಿಸೆನ್ನಲಿ. ಈಗಾಗಲೇ ಕೊಂಡಿರುವವರು, ಯಂತ್ರದಲ್ಲಿ ಎಚ್‌ಡಿಎಂಐ ಪೋರ್ಟೂ ಇದ್ದರೆ, ಒಂದು ಮಾನಿಟರನ್ನು ಅದಕ್ಕೂ ಇನ್ನೊಂದನ್ನು ಟೈಪ್-ಸಿಗೂ ನೇರವಾಗಿ ಜೋಡಿಸಿ ನೋಡುವುದು ಮೇಲು. ಅನೇಕರಿಗೆ ಅಷ್ಟರಲ್ಲಿಯೇ ಕೆಲಸವಾಗಿ, ಹಬ್‌ಗೆ ತೆರಬೇಕಾದ ಹಣ ಕೈಯಲ್ಲಿಯೇ ಉಳಿದೀತು.