ಗುಂಡಿ ಒತ್ತಿದರೆ ಕಲಿತಂತಾಯಿತೆ?

ಶಿರ್ವದಂಥ ಊರಿನ ಬ್ಯಾಂಕಿಗೆ ಇಂದು ಸೇರುವ ತರುಣನಿಗೆ ತರಬೇತಿಯ ಪಾಠಗಳು ಮೊಬೈಲಿನ ತೆರೆಯ ಮೇಲೂ ದೊರೆಯುತ್ತವೆ. ‘ಮುಂದೆ’ ಎಂಬ ಗುಂಡಿಯನ್ನು ಒತ್ತುತ್ತ ಹೋದರೆ ಪ್ರಮಾಣಪತ್ರವೂ ಕೈಸೇರುತ್ತದೆ. ಪರಸ್ಥಳಕ್ಕೆ ಹೋಗುವ ಶ್ರಮ ಉಳಿಯಿತೆಂಬುದೇನೋ ನಿಜ. ಕಲಿತದ್ದು ಉಳಿಯಿತೆ? ವಂಚನೆಯ ಕರೆಗಳನ್ನು ಕುರಿತ ಪಾಠ ಗುಮಾಸ್ತನಿಗೆ ಮರೆತರೆ, ಹಣ ಕಳೆದುಕೊಳ್ಳುವವಳು ಕೌಂಟರಿನ ಈಚೆ ನಿಂತ ಅಜ್ಜಿ.

ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹಾಸನು ಅರ್ಥಹೀನ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಮರೆವನ್ನು ಅಳೆದು, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಒಂದೇ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಶ್ರಮ ವ್ಯರ್ಥವಾಗಿತ್ತು! ದಿನಗಳ ಅಂತರವಿಟ್ಟು ಮರುಕಳಿಸಿದಾಗಲೇ ನೆನಪು ಗಟ್ಟಿಯಾಯಿತು. ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಹೆಚ್ಚು ಫಲಕಾರಿಯೆಂದು ಈಚಿನ ಪ್ರಯೋಗಗಳೂ ತೋರಿಸಿವೆ.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು (2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು) 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತಷ್ಟೆ. ದಿನಕ್ಕೆ ಎರಡಾಣೆ, ಮನೆಬಾಗಿಲಲ್ಲೇ ವಸೂಲಿ. ಕಲಿಕೆಗೂ ಇದೇ ಕ್ರಮ ಹಿತ. ಮೊಬೈಲು ದಿನಕ್ಕೊಮ್ಮೆ ಬಂದು ಹಳೆಯ ಪಾಠದಿಂದ ಒಂದು ಪ್ರಶ್ನೆ ಕೇಳಬಲ್ಲದು. ಅದನ್ನು ಬಿಟ್ಟು ಮಾರ್ಚಿಯ ಕೊನೆಗೆ ಮೂರು ಗಂಟೆಯ ಪಾಠವನ್ನು ಒಮ್ಮೆಲೇ ತುರುಕುವುದು ದಾಖಲೆಗಷ್ಟೇ ಒಳ್ಳೆಯದು. ಪ್ರಮಾಣಪತ್ರವನ್ನು ಪಾಠ ಮುಗಿದ ದಿನ ಕೊಡದೆ, ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ ಕೊಡಲಿ ಎಂಬುದು ನಮ್ಮ ಸೂಚನೆ. ತರುಣರು ನಮ್ಮನ್ನು ಶಪಿಸಿದರೂ ಚಿಂತೆಯಿಲ್ಲ.