ಡಬ್ಬಿ ಬರೆಯಲು ಯಾವ ವರ ಬೇಕು?

"ನಮ್ಮ ಹುಡುಗಿಗೆ ಚಿತ್ರ ಬರೋದಿಲ್ಲ ಟೀಚರ್, ಅದೆಲ್ಲ ಹುಟ್ಟಿನಿಂದಲೇ ಬರಬೇಕು" ಎನ್ನುವ ತಾಯಂದಿರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆನ್ನುವವರು ಶಿವಮೊಗ್ಗದ ವಿನೋಬನಗರದಲ್ಲಿ ಆ ಬೆಳಿಗ್ಗೆಯೇ ಹದಿನೈದು ಚುಕ್ಕಿಯ ರಂಗೋಲಿಯನ್ನು ತಪ್ಪಿಲ್ಲದೆ ಎಳೆದು ಬಂದಿರುತ್ತಾರೆ! ಅದೇನು ಹುಟ್ಟಿನಿಂದ ಬಂತೆ? ಅಜ್ಜಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಎಳೆ ದಪ್ಪವಾಗಿ, ಚುಕ್ಕಿ ತಪ್ಪಿ, ಅಳಿಸಿ, ಮತ್ತೆ ಎಳೆದು ಬಂದದ್ದು. ರಂಗೋಲಿಗೆ ಅಭ್ಯಾಸ ಸಾಕು, ಕಾಗದಕ್ಕೆ ಮಾತ್ರ ದೇವರ ವರ ಬೇಕು ಎಂದರೆ ಯಾವ ನ್ಯಾಯ?

ನಾನು ಚಿತ್ರಕಲೆಯ ಶಿಕ್ಷಕಿಯಲ್ಲ, ಬಿ.ಎ., ಬಿ.ಎಡ್. ಮಾಡಿ ಸಮಾಜ ಪಾಠ ಹೇಳುವವಳು. ಆದರೂ ಖಾಲಿ ಪೀರಿಯಡ್ ಸಿಕ್ಕಾಗ ಮೇಜಿನ ಮೇಲೆ ಚಾಕ್‌ಪೀಸ್ ಡಬ್ಬಿ ಇಟ್ಟು ಬರೆಸುತ್ತೇನೆ. ಮೊದಲ ದಿನ ಬಹುಪಾಲು ಮಕ್ಕಳ ಡಬ್ಬಿಯಲ್ಲಿ ಹಿಂದಿನ ಅಂಚು ಮುಂದಿನದರಷ್ಟೇ ಉದ್ದ. ಎರಡೂ ಸಮವೆಂದು ಬುದ್ಧಿಗೆ ಗೊತ್ತಲ್ಲ, ಅದು ಕಣ್ಣಿನ ಮಾತು ಕೇಳುವುದಿಲ್ಲ.

ಆಗ ಭದ್ರಾವತಿ ಸ್ಟೇಷನ್ನಿನ ಹಳಿಗಳನ್ನು ನೆನಪಿಸುತ್ತೇನೆ. ಅವುಗಳ ನಡುವಿನ ಅಂತರ ಎಲ್ಲೂ ಕಡಿಮೆಯಾಗದು, ಆದರೂ ದೂರದಲ್ಲಿ ಒಂದೇ ಚುಕ್ಕಿಗೆ ಕೂಡಿದಂತೆ ಕಾಣುತ್ತವೆ. ಡಬ್ಬಿಯ ಮೂಲೆ ನಮ್ಮತ್ತ ತಿರುಗಿದ್ದರೆ ಒಂದು ಪಕ್ಕದ ಗೆರೆಗಳು ಎಡಗಡೆಯ ಚುಕ್ಕಿಗೆ, ಇನ್ನೊಂದರವು ಬಲಗಡೆಯ ಚುಕ್ಕಿಗೆ ಓಡುತ್ತವೆ. ಎರಡು ಚುಕ್ಕಿಯೂ ನಮ್ಮ ಕಣ್ಣಿನ ಮಟ್ಟದ ಗೆರೆಯ ಮೇಲೇ. ಡಬ್ಬಿ ಕಣ್ಣಿಗಿಂತ ಕೆಳಗಿದ್ದರೆ ಮುಚ್ಚಳ ಕಾಣುತ್ತದೆ, ತಲೆಯ ಮೇಲೆತ್ತಿ ಹಿಡಿದರೆ ತಳ. ಇಟಲಿಯ ಆಲ್ಬೆರ್ಟಿ 1435ರಲ್ಲೇ ಇಂಥ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟ. ಲೆಕ್ಕವೆಂದ ಮೇಲೆ ಕಲಿಯಲಿಕ್ಕೇನು?

ಪುಟಕ್ಕೆ ಹತ್ತು ಡಬ್ಬಿ, ಒಂದೊಂದೂ ಒಂದೊಂದು ಓರೆಯಲ್ಲಿ. ಬರೆದಾದ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆಗಳನ್ನು ಹಿಂದಕ್ಕೆ ಬೆಳೆಸಿ, ಕೂಡಿದವೋ ದಿಕ್ಕಾಪಾಲಾದವೋ ನೋಡುವುದು. ನಾಳೆ ಮತ್ತೆ ಹತ್ತು. ಬೇಸರವಾಗುತ್ತದೆ, ನಿಜ. ಮಗ್ಗಿ ಬಾಯಿಪಾಠ ಮಾಡುವಾಗ ಆಗಲಿಲ್ಲವೆ? ಪುಟಗಳು ತುಂಬುತ್ತ ಹೋದಂತೆ ಒಂದು ದಿನ ಡಬ್ಬಿ ಕಾಗದದ ಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಗ ಆ ಹುಡುಗಿಯ ಮುಖ ನೋಡಬೇಕು.

"ಇದರಿಂದ ಮಾರ್ಕ್ಸು ಬರುತ್ತದೆಯೆ?" ಎನ್ನುತ್ತೀರಿ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆಯ ಊರು ಭದ್ರಾವತಿ. ಯಂತ್ರದ ಭಾಗವೊಂದು ಆಗಬೇಕಾದರೆ ಮೊದಲು ಕಾಗದದಲ್ಲಿ ಗೆರೆ ಬೀಳಬೇಕೆಂದು ಅಲ್ಲಿನ ಫಿಟ್ಟರುಗಳ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಮಗ ಡಿಪ್ಲೊಮಾ ಸೇರಿದರೆ ಡ್ರಾಯಿಂಗ್ ಬೋರ್ಡು ಕೊಡಿಸುವ ಮನೆಯಲ್ಲೇ ಮಗಳಿಗೆ ಹೂವು, ಬಳ್ಳಿ, ಮೆಹಂದಿ ಸಾಕು! ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿಸಿ ಎಂದರೆ "ಟ್ಯೂಷನ್ನಿಗೆ ಹೊತ್ತಾಗುತ್ತೆ" ಎಂಬ ಉತ್ತರ. ನಾವು ಶಿಕ್ಷಕರೇನು ಕಡಿಮೆ? ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಕತ್ತರಿ ಬೀಳುವುದು ಡ್ರಾಯಿಂಗ್ ಪೀರಿಯಡ್ಡಿಗೇ.

ಇವತ್ತು ಸಂಜೆ ಅಡಿಗೆಮನೆಯ ಬೆಂಕಿಪೊಟ್ಟಣವನ್ನು ಮಗಳ ಮುಂದಿಡಿ. ಪಕ್ಕದಲ್ಲಿ ಕೂತು ನೀವೂ ಹತ್ತು ಬರೆಯಿರಿ.